ಮೊಳೆಯಿಲ್ಲದ ಚಪ್ಪಲಿ

ಕಳೆದ ವರ್ಷ ನಮ್ಮ ಚರ್ಚಿನಲ್ಲಿ ನನಗೆ ಶಾಲು ಹೊದಿಸಿದರು. ಮಾತಾಡಿದವರು, “ಕುಷ್ಠರೋಗಿಗಳ ಕಾಲನ್ನು ಕೈಯಾರೆ ತೊಳೆದವರು” ಎಂದು ನನ್ನನ್ನು ಹೊಗಳಿದರು. ನಾನು ಕೈ ಮುಗಿದು ಕುಳಿತಿದ್ದೆ. ಆ ಕೆಲಸಕ್ಕೆ ಸೇರಿದ ಮೊದಲ ಒಂದೂವರೆ ವರ್ಷ ನಾನು ಯಾರ ಕಾಲನ್ನೂ ಕೈಯಿಂದ ಮುಟ್ಟಿರಲಿಲ್ಲ. ಮುಟ್ಟಿದ್ದೇನೆ ಎಂದು ಬರೆದಿಟ್ಟಿದ್ದೆ, ಅಷ್ಟೇ. ಆ ಬರಹದಿಂದ ಏನಾಯಿತು ಎಂಬುದನ್ನು ನನ್ನ ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿದ್ದೇನೆ. ಚರ್ಚಿನವರಿಗೆ ಹೇಳಿಲ್ಲ. ಶಾಲು ಮನೆಯಲ್ಲಿದೆ, ಹೇಳದೆ ಅದನ್ನು ಇಟ್ಟುಕೊಳ್ಳುವುದು ಕಷ್ಟವಾಗುತ್ತಿದೆ.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಜಿಲ್ಲೆ ಮುಂಬಯಿ ಕಡೆಯಿಂದ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಾನು ಮೆಟ್ರಿಕ್ ಮುಗಿಸಿ ಶಿರಸಿಯ ಅಂಚಿನಲ್ಲಿದ್ದ ಒಂದು ಚಿಕ್ಕ ಔಷಧಾಲಯದಲ್ಲಿ ಗಾಯ ಕಟ್ಟುವ ಕೆಲಸಕ್ಕೆ ಸೇರಿದ್ದೆ. ಅದನ್ನು ನಡೆಸುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಸಿಸ್ಟರ್. ಕನ್ಯಾಸ್ತ್ರೀ, ನರ್ಸ್ ತರಬೇತಿ ಪಡೆದವರು, ವಯಸ್ಸು ಐವತ್ತರ ಮೇಲೆ. ವಾರದ ಸುತ್ತು ಹೀಗಿತ್ತು: ಸೋಮವಾರ ಸಿದ್ದಾಪುರದ ಬಿಳಗಿ ಕಡೆ, ಬುಧವಾರ ಯಲ್ಲಾಪುರದ ವಜ್ರಳ್ಳಿ ಕಡೆ, ಶುಕ್ರವಾರ ಬನವಾಸಿ ರಸ್ತೆಯ ಒಂದು ಹುಣಸೆ ಮರದ ಕೆಳಗೆ. ಮೊದಲಿನ ಎರಡಕ್ಕೆ ಹಳೆಯ ವ್ಯಾನಿನಲ್ಲಿ ಸಿಸ್ಟರೇ ಹೋಗುತ್ತಿದ್ದರು. ಹುಣಸೆ ಮರ ನನ್ನದು. ತಗಡಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಒಬ್ಬನೇ ಹೋಗುತ್ತಿದ್ದೆ. ತಿಂಗಳಿಗೊಮ್ಮೆ ಸಿಸ್ಟರ್ ಅಲ್ಲಿಗೂ ಬರುತ್ತಿದ್ದರು.

ಈ ರೋಗ ಬಂದವರ ಕಾಲಿಗೆ ನೋವು ತಿಳಿಯುವುದಿಲ್ಲ. ಅದೇ ಅವರ ಕಷ್ಟ. ಕಲ್ಲು ಚುಚ್ಚಿದರೂ ನಡೆಯುತ್ತಾರೆ, ಕೆಂಡ ತುಳಿದರೂ ನಡೆಯುತ್ತಾರೆ. ರೋಗಕ್ಕೆ ಗುಳಿಗೆ ಬಂದಿತ್ತು. ವಾರಕ್ಕಿಷ್ಟು ಎಂದು ಎಣಿಸಿ ಕೊಡುತ್ತಿದ್ದೆವು. ಆದರೆ ಕಾಲು ಹೋಗುತ್ತಿದ್ದುದು ರೋಗಕ್ಕಿಂತ ಹೆಚ್ಚಾಗಿ ಗಾಯದಿಂದ. ಆದ್ದರಿಂದ ಸಿಸ್ಟರ್ ಒಂದು ಕ್ರಮ ಹಾಕಿಕೊಟ್ಟಿದ್ದರು. ಬಂದವರ ಪಾದಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ನೀರಿನ ಬಿಸಿಯನ್ನು ಮೊದಲು ನಮ್ಮ ಮೊಣಕೈ ಅದ್ದಿ ನೋಡಬೇಕು, ಏಕೆಂದರೆ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಆಮೇಲೆ ಕೈಯಿಂದ ತೊಳೆಯಬೇಕು. ದಪ್ಪಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಉಜ್ಜಿ ತೆಗೆದು, ಒರೆಸಿ, ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಅಂಗೈಯಿಂದ ಒತ್ತುತ್ತ ಹೋಗಬೇಕು. ಒಂದು ಕಡೆ ಉಳಿದ ಕಡೆಗಿಂತ ಬಿಸಿ ಇದ್ದರೆ ಒಳಗೆ ಗಾಯ ಹುಟ್ಟುತ್ತಿದೆ ಎಂದು ಅರ್ಥ.

“ಕಣ್ಣಿಗೆ ಕಾಣುವಾಗ ತಡ ಆಗಿರ್ತದೆ ಮಾರಾಯ,” ಎನ್ನುತ್ತಿದ್ದರು ಸಿಸ್ಟರ್. “ಕೈಗೆ ಒಂದು ವಾರ ಮೊದಲೇ ಗೊತ್ತಾಗ್ತದೆ. ಅದಕ್ಕೇ ತೊಳೆಯುವುದು. ಬರೀ ಕೊಳೆ ತೆಗೀಲಿಕ್ಕೆ ಅಂತ ತಿಳೀಬೇಡ.”

ಅವರು ಮಣೆಯ ಮೇಲೆ ಕೂರುತ್ತಿರಲಿಲ್ಲ. ನೆಲದ ಮೇಲೆ ಮೊಣಕಾಲೂರಿ, ರೋಗಿಯ ಪಾದವನ್ನು ತಮ್ಮ ಬಿಳಿಯ ಉಡುಪಿನ ಮೇಲೆಯೇ ಇಟ್ಟುಕೊಂಡು ಒರೆಸುತ್ತಿದ್ದರು. ಅವರ ಎದುರಿಗೆ ನಾನೂ ಹಾಗೆಯೇ ಕೂರುತ್ತಿದ್ದೆ. ನೀರು ಎರೆಯುವುದು, ಬಟ್ಟೆ ಕೊಡುವುದು, ಪಟ್ಟಿಯ ಬಟ್ಟೆ ಸುರುಳಿ ಮಾಡಿಡುವುದು ಎಲ್ಲ ಮಾಡುತ್ತಿದ್ದೆ. ಒಬ್ಬನೇ ಇದ್ದಾಗ ಮಾತ್ರ ನನ್ನ ಕ್ರಮ ಬೇರೆ. ನನಗೆ ಹೇಸಿಗೆಯಿತ್ತು, ಅದಕ್ಕಿಂತ ಹೆಚ್ಚು ಭಯವಿತ್ತು. ರೋಗ ಹಾಗೆಲ್ಲ ಅಂಟುವುದಿಲ್ಲ ಎಂದು ಸಿಸ್ಟರ್ ಎಷ್ಟು ಹೇಳಿದರೂ ಮನೆಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಿದ್ದೆ. ಒಂದು ಬಿದಿರಿನ ಕಡ್ಡಿಯನ್ನು ಸೀಳಿ ಚಿಮಟದಂತೆ ಮಾಡಿಕೊಂಡಿದ್ದೆ. ರೋಗಿಗಳು ತಾವೇ ಕಾಲು ನೆನೆಸಿ ತಾವೇ ತೊಳೆದುಕೊಳ್ಳುತ್ತಿದ್ದರು. ನಾನು ಚಿಮಟದಲ್ಲಿ ಬಟ್ಟೆ ಹಿಡಿದು ಒರೆಸಿ, ಬಗ್ಗಿ ನೋಡಿ, ಪ್ರತಿಯೊಬ್ಬರ ಕಾರ್ಡಿನಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದೆ: “ತೊಳೆದು ಮುಟ್ಟಿ ನೋಡಿದೆ. ಬಿಸಿ ಇಲ್ಲ.”

ನನ್ನ ಅಕ್ಷರವನ್ನು ಸಿಸ್ಟರ್ ಮೆಚ್ಚುತ್ತಿದ್ದರು.

ಹುಣಸೆ ಮರಕ್ಕೆ ಬರುತ್ತಿದ್ದವರಲ್ಲಿ ನಲವತ್ತೈದರ ಆಸುಪಾಸಿನ ಒಬ್ಬ ರೈತರಿದ್ದರು. ಮರದಿಂದ ಒಂದೂವರೆ ಮೈಲಿ ಒಳಗೆ ಅವರ ಊರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಕಂಬಳಿ. ಸುಗ್ಗಿಯಲ್ಲಿ ಭತ್ತ ಅಳೆಯಲು ಸುತ್ತಿನ ನಾಲ್ಕು ಹಳ್ಳಿಯವರು ಅವರನ್ನೇ ಕರೆಯುತ್ತಿದ್ದರಂತೆ. ಅಳತೆಯ ಕೊಳಗ ಅವರ ಕೈಯಲ್ಲಿದ್ದರೆ ಕೊಡುವವನೂ ತಕರಾರು ಮಾಡುತ್ತಿರಲಿಲ್ಲ, ಕೊಳ್ಳುವವನೂ ಮಾಡುತ್ತಿರಲಿಲ್ಲ. ಹಾಗಾಗಿ ಕೊಳಗದ ಯಜಮಾನರು ಎಂದೇ ಹೆಸರು. ಪಾದ ಮರಗಟ್ಟಿದ ಸುದ್ದಿ ಹೊರಬಿದ್ದ ಮೇಲೆ ಯಾರೂ ಕರೆಯಲಿಲ್ಲ. ಕೈ ಸರಿಯಾಗಿಯೇ ಇತ್ತು. ಆದರೂ ಅವರು ಮುಟ್ಟಿದ ಕೊಳಗದ ಭತ್ತ ಯಾರಿಗೂ ಬೇಡವಾಗಿತ್ತು.

ನನ್ನ ಮೇಲೆ ಅವರಿಗೆ ಪ್ರೀತಿ. “ಬಾರೋ ತಮ್ಮಾ, ಬಸ್ಸು ಇವತ್ತ ಲಗೂ ಬಂತಲ್ಲ? ನಿನ್ನ ಡ್ರೈವರಗ ಮದುವಿ ಗಿದುವಿ ಐತೇನು?” ಎಂದು ನಗಿಸುತ್ತಿದ್ದರು.

ಆ ವರ್ಷದ ಕ್ರಿಸ್ಮಸ್ ಕಳೆದ ಮೇಲೆ ಸಿಸ್ಟರ್ ನನಗೆ ಚಪ್ಪಲಿ ಮಾಡುವ ಕೆಲಸ ಕಲಿಸಿದರು. ಪೇಟೆಯಲ್ಲಿ ಚಪ್ಪಲಿ ಹೊಲಿಯುವವರು ಈ ರೋಗಿಗಳ ಕಾಲಿನ ಅಳತೆ ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ. ಲಾರಿಯ ಹಳೆಯ ಟೈರನ್ನು ಪಾದದ ಆಕಾರಕ್ಕೆ ಕತ್ತರಿಸುವುದು. ಅದರ ಮೇಲೆ ಎಲ್ಲಿಂದಲೋ ಪಾರ್ಸಲಿನಲ್ಲಿ ಬರುತ್ತಿದ್ದ ಮೆತ್ತನೆಯ ರಬ್ಬರನ್ನು ಅಂಟಿಸುವುದು. ಪಟ್ಟಿಗಳ ತುದಿಯನ್ನು ಟೈರಿನ ಸೀಳಿನಲ್ಲಿ ತೂರಿಸಿ ಕೆಳಗೆ ಮಡಚಿ, ಮೇಣ ಹಚ್ಚಿದ ದಾರದಿಂದ ಹೊಲಿಯುವುದು. ಒಂದೊಂದು ತುದಿಗೆ ಹನ್ನೊಂದು ಹೊಲಿಗೆ. ಸಿಸ್ಟರ್ ಒಂದೇ ಮಾತನ್ನು ಮೂರು ಸಲ ಹೇಳಿದರು: “ಮೊಳೆ ಕೂಡದು. ಎಷ್ಟು ಸಣ್ಣದಾದರೂ ಕೂಡದು. ನಿನಗೆ ಚುಚ್ಚಿದರೆ ಅಯ್ಯೋ ಅಂತೀ. ಅವರ ಕಾಲಿಗೆ ಬಾಯಿಲ್ಲ.”

ಟೈರು ಹೊಲಿಯುವುದು ಬಟ್ಟೆ ಹೊಲಿದ ಹಾಗಲ್ಲ. ದಬ್ಬಣವನ್ನು ಎದೆಗೆ ಒತ್ತಿ ನೂಕಬೇಕು. ಮೊದಲ ಜೋಡಿಗೆ ಎರಡು ದಿನ ಹಿಡಿಯಿತು, ಎರಡು ದಬ್ಬಣ ಮುರಿದವು, ಅಂಗೈ ಸೀಳಿತು. ಎರಡನೆಯ ಜೋಡಿಯ ಹಿಮ್ಮಡಿ ಪಟ್ಟಿ ನಾಲ್ಕೇ ದಿನದಲ್ಲಿ ಕಿತ್ತುಬಂತು. ಆಗ ನನಗೆ ಬುದ್ಧಿವಂತಿಕೆ ಹೊಳೆಯಿತು. ಹಿಮ್ಮಡಿ ಪಟ್ಟಿಯ ಪ್ರತಿ ತುದಿಗೆ ಕೆಳಗಿನಿಂದ ಎರಡು ಸಣ್ಣ ಮೊಳೆ ಹೊಡೆದೆ. ಮೇಲೆ ಬಂದ ಮೊನೆಯನ್ನು ಸುತ್ತಿಗೆಯಿಂದ ಬಗ್ಗಿಸಿ ಮಲಗಿಸಿದೆ. ಅದರ ಮೇಲೆ ಮೆತ್ತನೆಯ ರಬ್ಬರು ಅಂಟಿಸಿದೆ. ಕೆಳಗೆ ಮೊಳೆಯ ತಲೆ ಕಾಣದಂತೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಹೊಲಿಗೆಯಂತೆ ಕಾಣಲೆಂದು ಅಂಚಿನಲ್ಲಿ ನಾಲ್ಕು ದಾರ ಎಳೆದೆ. ಒಂದು ವಾರದಲ್ಲಿ ನಾಲ್ಕು ಜೋಡಿ ಮುಗಿದವು.

“ನಾಲ್ಕು ಜೋಡಿಯಾ!” ಎಂದರು ಸಿಸ್ಟರ್, ಒಂದನ್ನು ಎತ್ತಿ ತಿರುಗಿಸಿ ನೋಡುತ್ತ. “ನಿನ್ನ ಕೈಯಲ್ಲಿ ದೇವರು ಕೆಲಸ ಇಟ್ಟಿದ್ದಾನೆ.”

ನಾಲ್ಕರಲ್ಲಿ ಒಂದು ಜೋಡಿ ಕೊಳಗದ ಯಜಮಾನರದು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, “ಏ, ಮದುಮಗನ ಚಪ್ಪಲಿ ಆದಂಗ ಆತಲ್ಲೋ ತಮ್ಮಾ!” ಎಂದು ಕುಣಿದು ತೋರಿಸಿದರು.

ಐದಾರು ವಾರ ಕಳೆದಿರಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗಿತ್ತು. ಶುಕ್ರವಾರ ಸಿಸ್ಟರ್ ನನ್ನ ಜೊತೆ ಹುಣಸೆ ಮರಕ್ಕೆ ಬಂದರು. ಕೊಳಗದ ಯಜಮಾನರ ಸರದಿ ಬಂದಾಗ ಅವರು ಬಲಗಾಲಿನ ಚಪ್ಪಲಿ ಬಿಚ್ಚಲು ಹೋದರು, ಅದು ಬರಲಿಲ್ಲ. ಎಳೆದರು. ಹಿಮ್ಮಡಿಯ ಜೊತೆಗೆ ಅಂಟಿಕೊಂಡಿತ್ತು. ಸಿಸ್ಟರ್ “ತಡೆಯಿರಿ, ತಡೆಯಿರಿ” ಎಂದು ಕೈಯಿಟ್ಟು ಮೆಲ್ಲಗೆ ಬಿಡಿಸಿದರು. ಹಿಮ್ಮಡಿಯಲ್ಲಿ ಒಂದು ಮೊಳೆಯ ಮೊನೆ ಮುರಿದು ಉಳಿದಿತ್ತು. ಇಕ್ಕಳದಿಂದ ಹಿಡಿದು ಎಳೆದಾಗ ಅದರ ಹಿಂದೆ ಕೀವು ಬಂತು. ವಾಸನೆಗೆ ಪಕ್ಕದವರು ಮುಖ ತಿರುಗಿಸಿದರು. ಯಜಮಾನರು ಮಾತ್ರ ಬೇರೆಯವರ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದರು.

ಸಿಸ್ಟರ್ ಮೊಳೆಯನ್ನು ತಟ್ಟೆಗೆ ಹಾಕಿದರು. ಟಿಣ್ ಎಂದು ಶಬ್ದವಾಯಿತು.

“ಎರಡೂ ಚಪ್ಪಲಿ ಇಲ್ಲಿ ಕೊಡಿ, ನಾನು ನೋಡ್ತೇನೆ,” ಎಂದೆ. ಮರದ ಆಚೆ ಹೋದೆ. ಟ್ಯೂಬಿನ ತುಂಡು ಕಿತ್ತು, ಎರಡೂ ಚಪ್ಪಲಿಗಳ ಉಳಿದ ಮೊಳೆಗಳನ್ನು ಇಕ್ಕಳದಿಂದ ಎಳೆದು ಪೊದೆಗೆ ಎಸೆದೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲಿ ನನ್ನ ತಲೆ ಎಷ್ಟು ಚುರುಕಾಗಿ ಓಡಿತು ಎಂದು ನೆನೆದರೆ ಇಂದಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ವಾಪಸು ಬಂದು ಹೇಳಿದೆ: “ಪಟ್ಟಿ ಸಡಿಲವಾಗಿದೆ ಸಿಸ್ಟರ್. ಪೇಟೆಯಲ್ಲಿ ಯಾರ ಹತ್ತಿರವೋ ಮೊಳೆ ಹೊಡೆಸಿಕೊಂಡ ಹಾಗಿದೆ.”

ಸಿಸ್ಟರ್ ಅವರ ಕಾರ್ಡು ತೆಗೆದರು. ಹಿಂದಿನ ಶುಕ್ರವಾರದ ಸಾಲಿನಲ್ಲಿ ನನ್ನ ದುಂಡು ಅಕ್ಷರ: “ತೊಳೆದು ಮುಟ್ಟಿ ನೋಡಿದೆ. ಬಿಸಿ ಇಲ್ಲ.” ಅದರ ಹಿಂದಿನ ವಾರವೂ ಅದೇ.

“ಕಳೆದ ವಾರ ಏನೂ ಇರಲಿಲ್ಲ,” ಎಂದರು, ತಮಗೇ ಹೇಳಿಕೊಳ್ಳುವಂತೆ. “ಒಂದು ವಾರದಲ್ಲಿ ಇಷ್ಟು ಕೀವಾ?” ಆಮೇಲೆ ಯಜಮಾನರ ಕಡೆ ತಿರುಗಿದರು. “ಮೊಳೆ ಹೊಡೆಸಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ? ಈ ವಾರ ಬನವಾಸಿ ಪೇಟೆಗೆ ಹೋಗಿದ್ರಾ?”

“ಹೋಗಿದ್ದೆ. ಆದ್ರ ಚಪ್ಪಲಿ ಯಾರ ಕೈಯಾಗೂ ಕೊಟ್ಟಿಲ್ರಿ ಯವ್ವಾ.”

“ಹೇಳಿದರೆ ನಾನು ಬೈಯುವುದಿಲ್ಲ. ನಿಜ ಹೇಳಿ.”

“ಖರೇನ ಹೇಳಾಕತ್ತೀನಿ. ನಾ ಬಡಿಸಿಲ್ಲ.”

ಸಿಸ್ಟರ್ ಕಾರ್ಡನ್ನು ಮುಂದೆ ಹಿಡಿದರು. “ನೋಡಿ, ಹೋದ ವಾರ ಇವ ಮುಟ್ಟಿ ನೋಡಿದ್ದಾನೆ. ಸರಿ ಇತ್ತು. ಮೊಳೆ ಆಮೇಲೆಯೇ ಬಂದದ್ದಲ್ಲವಾ? ಸುಳ್ಳು ಹೇಳಿದರೆ ನಿಮ್ಮ ಕಾಲಿಗೇ ನಷ್ಟ.”

ಯಜಮಾನರು ನನ್ನನ್ನು ನೋಡಿದರು. ನಾನು ಪಟ್ಟಿಯ ಬಟ್ಟೆ ಸುತ್ತುತ್ತಿದ್ದೆ. ಸರದಿಯಲ್ಲಿ ಕುಳಿತ ಎಂಟು ಹತ್ತು ಮಂದಿ ಅವರ ಕಡೆ ಕತ್ತು ಚಾಚಿದ್ದರು. ಕೊನೆಗೆ ಯಜಮಾನರು, “ಆತು. ಕಾಗದದಾಗ ಬರದದ್ದು ಖರೆ, ನಾ ಸುಳ್ಳ,” ಎಂದರು. ಸಿಸ್ಟರ್ ಗಾಯ ತೊಳೆದು ಔಷಧ ತುಂಬಿ ಕಟ್ಟಿದ ಮೇಲೆ ಕೋಲು ಊರಿ ಬರಿಗಾಲಿನಲ್ಲಿ ಎದ್ದು ಹೋದರು. ಚಪ್ಪಲಿ ತೆಗೆದುಕೊಂಡು ಹೋಗಲಿಲ್ಲ.

ಆ ವಾರದಲ್ಲೇ ನಾನು ಉಳಿದ ಮೂರು ಜೋಡಿಗಳನ್ನು “ಅಂಟು ಸರಿ ಹಿಡಿದಿಲ್ಲ” ಎಂದು ಹೇಳಿ ವಾಪಸು ತರಿಸಿಕೊಂಡೆ. ಮೊಳೆ ಕಿತ್ತು, ಒಂದೊಂದು ತುದಿಗೆ ಹನ್ನೊಂದರಂತೆ ಹೊಲಿದುಕೊಟ್ಟೆ. ಅಂಗೈ ಸೀಳಿ ರಕ್ತ ಬಂದಾಗ ಒಂದು ರೀತಿಯ ಸಮಾಧಾನವಾಯಿತು. ಲೆಕ್ಕ ತೀರಿತು ಎಂದುಕೊಂಡೆ.

ಮುಂದಿನ ಶುಕ್ರವಾರ ಯಜಮಾನರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಸಿಸ್ಟರ್ ಚಡಪಡಿಸಿದರು. ಅವರ ಯೋಚನೆ ಹೀಗಿತ್ತು: ಗಾಯ ತೊಳೆದು, ಸತ್ತ ಮಾಂಸ ತೆಗೆದು, ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಸುಣ್ಣದ ಪಟ್ಟಿ ಕಟ್ಟಬೇಕು. ಆರು ವಾರ ಭಾರ ಬೀಳದಂತೆ ಇಟ್ಟರೆ ಕಾಲು ಉಳಿಯಬಹುದು. ಅದಕ್ಕಾಗಿ ಬಟ್ಟೆಯ ಸುರುಳಿಗಳಿಗೆ ಪ್ಲಾಸ್ಟರ್ ಪುಡಿ ತಿಕ್ಕಿ, ತಂಡಿ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಟ್ಟಿದ್ದರು. “ಹೋಗಿ ಕರೆದುಕೊಂಡು ಬಾ,” ಎಂದು ನನ್ನನ್ನು ಅಟ್ಟಿದರು.

ಹೋದೆ. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಕಾಲಿಗೆ ಹಳೆಯ ಧೋತರದ ಚಿಂದಿ ಸುತ್ತಿತ್ತು, ಚಿಂದಿಯ ಮೇಲೆ ನೊಣ.

“ಬರ್ರಿ ಸಾಹೇಬ್ರ,” ಎಂದರು. ತಮ್ಮಾ ಎನ್ನಲಿಲ್ಲ.

“ಸಿಸ್ಟರ್ ಕರೀತಾರೆ ಯಜಮಾನ್ರೆ. ಕಾಲು ಕೆಡ್ತದೆ.”

“ಕೆಡ್ಲಿ. ಸುಳ್ಳಗಾರನ ಕಾಲು ಅದು. ಅದಕ್ಕ್ಯಾಕ ಔಷಧ?”

ಅವರ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು: “ಮರದ ಕೆಳಗಿನ ಮಾತು ಊರಿಗೆಲ್ಲ ಬಂದೈತಿ. ಕೊಳಗದವನ ಮಾತು ಸುಳ್ಳಂತ ಅಂತ ಮಂದಿ ನಗಾಕತ್ತೈತಿ. ರೋಗ ಬಂದಾಗ ಅತ್ತಿರಲಿಲ್ಲ ಇವರು. ಆ ದಿನ ರಾತ್ರಿ ಅತ್ತರು.”

“ಏ, ಸುಮ್ಮನಿರ ನೀ,” ಎಂದರು ಯಜಮಾನರು. ನನ್ನ ಕಡೆ ನೋಡದೆ, “ಕೊಳಗ ಕಸಗೊಂಡ್ರು, ಇರ್ಲಿ ಅಂದೆ. ಮಾತೊಂದು ಉಳದಿತ್ತು. ಸಿಸ್ಟರಮ್ಮ ಅದನ್ನೂ ತಗೊಂಡ್ಲು. ನಾ ಬಡಿಸಿಲ್ಲ ಅಂದದ್ದು ಖರೆ ಅಂತ ಆಕಿ ಒಂದ ಮಾತು ಅನ್ಲಿ, ನಾ ಬರ್ತೀನಿ. ಇಲ್ಲಂದ್ರ ಇದು ಇಲ್ಲೇ ಕೊಳೀಲಿ.”

ಏನು ಮಾಡಿದರೆ ಅವರು ಬರುತ್ತಾರೆ ಎಂಬುದು ಅಷ್ಟು ಸ್ಪಷ್ಟವಾಗಿತ್ತು. ವಾಪಸು ಬಂದು ಸಿಸ್ಟರಿಗೆ ಹೇಳಿದೆ: “ಹಟಮಾರಿ. ಬರೋದಿಲ್ಲವಂತೆ.” ಸಿಸ್ಟರ್ ತಾವೇ ಒಮ್ಮೆ ಹೋದರು. ಯಜಮಾನರು ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದರಂತೆ. ಕಂಬಳಿಯ ಹೊರಗೆ ಉಳಿದ ಕಾಲನ್ನಷ್ಟೇ ನೋಡಿ ಬಂದರು. ಸಿಸ್ಟರ್ ವ್ಯಾನಿನಿಂದ ಇಳಿದವರೇ ಹೇಳಿದರು: “ಎಲುಬಿಗೆ ಇಳಿದಿದೆ. ಈಸ್ಟರಿನ ಒಳಗೆ ಬಾರದಿದ್ದರೆ ಹುಬ್ಬಳ್ಳಿಗೆ ಕಳಿಸಿ ಮೊಣಕಾಲಿನ ಕೆಳಗೆ ತೆಗೆಸಬೇಕು. ಅದಕ್ಕೂ ಒಪ್ಪದಿದ್ದರೆ…” ಈಸ್ಟರಿಗೆ ಹನ್ನೆರಡು ದಿನವಿತ್ತು.

ಆ ವಾರವೇ ಚರ್ಚಿನ ಗುರಿಕಾರರು, ಎಂದರೆ ನಮ್ಮ ಕೇರಿಯ ಕ್ರೈಸ್ತರ ಮುಖಂಡರು, ನಮ್ಮ ಮನೆಗೆ ಬಂದರು. ಈಸ್ಟರಿಗೆ ಮೂರು ದಿನ ಮೊದಲಿನ ಪವಿತ್ರ ಗುರುವಾರದ ಸಂಜೆ ಪಾದ್ರಿಗಳು ಹನ್ನೆರಡು ಗಂಡಸರ ಪಾದ ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ. ಆ ಹನ್ನೆರಡರಲ್ಲಿ ಸೇರುವುದೆಂದರೆ ನಮ್ಮಲ್ಲಿ ದೊಡ್ಡ ಮರ್ಯಾದೆ. ಸಾಮಾನ್ಯವಾಗಿ ವಯಸ್ಸಾದ ಹಿರಿಯರಿಗೆ ಮಾತ್ರ ಸಿಗುವಂಥದು. “ಈ ಸಲ ನಿಮ್ಮ ಮಗನೂ ಇರಲಿ,” ಎಂದರು ಗುರಿಕಾರರು ನನ್ನ ತಾಯಿಗೆ. “ಆ ರೋಗಿಗಳ ಕಾಲು ತೊಳೆಯುವವನು. ಅವನ ಕಾಲನ್ನು ಒಂದು ದಿನ ಪಾದ್ರಿಗಳು ತೊಳೆಯಲಿ.”

ನನ್ನ ತಾಯಿ ಕಣ್ಣೊರೆಸಿಕೊಂಡರು. ನಾನು ಬೇಡ ಎನ್ನಲಿಲ್ಲ. ಪವಿತ್ರ ಗುರುವಾರದ ಹಿಂದಿನ ದಿನ ಪಾಪನಿವೇದನೆಗೆ ಹೋದೆ. ಕೋಪ ಬಂದದ್ದು, ಪ್ರಾರ್ಥನೆ ತಪ್ಪಿಸಿದ್ದು, ಉಪವಾಸದ ದಿನ ಚಹಾದ ಜೊತೆ ಬಿಸ್ಕೀಟು ತಿಂದದ್ದು ಎಲ್ಲ ಹೇಳಿದೆ. ಮೊಳೆಯ ವಿಷಯ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ತಾಯಿ ನೀರು ಕಾಯಿಸಿದರು. ಹನ್ನೆರಡು ಮಂದಿಯೂ ಪಾದವನ್ನು ಮನೆಯಲ್ಲೇ ತಿಕ್ಕಿ ತೊಳೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಕೊಳೆಯಾದ ಕಾಲನ್ನು ಪಾದ್ರಿಗಳ ಕೈಗೆ ಕೊಡಲು ಯಾರಿಗೆ ಧೈರ್ಯ? ತಾಯಿ ತೆಂಗಿನ ನಾರು ಹಿಡಿದು ನನ್ನ ಹಿಮ್ಮಡಿಯನ್ನು ಕೆಂಪಾಗುವವರೆಗೆ ತಿಕ್ಕಿದರು. “ಉರೀತದೆ ಅಮ್ಮಾ,” ಎಂದೆ. “ಉರಿಯಲಿ ಪೂತಾ, ಬೆಳ್ಳಗಾಗಬೇಕು,” ಎಂದರು. ಪೂತಾ ಎಂದರೆ ನಮ್ಮ ಕೊಂಕಣಿಯಲ್ಲಿ ಮಗ. ಎಣ್ಣೆ ಹಚ್ಚಿ ಒರೆಸಿದರು.

ಸಂಜೆ ಪೀಠದ ಮುಂದೆ ಹನ್ನೆರಡು ಕುರ್ಚಿ. ನಾನು ಒಂಬತ್ತನೆಯವನು. ನಮ್ಮ ಪಾದ್ರಿಗಳಿಗೆ ವಯಸ್ಸಾಗಿತ್ತು. ಒಬ್ಬೊಬ್ಬರ ಮುಂದೆಯೂ ಮೊಣಕಾಲೂರುವಾಗ ಕೀಲು ಕಟಕಟ ಎನ್ನುತ್ತಿತ್ತು. ನನ್ನ ಮುಂದೆ ಊರಿದರು. ಬಲಗಾಲು ಎತ್ತಿ ನೀರು ಹನಿಸಿದರು. ಅವರ ಅಂಗೈ ನನ್ನ ಹಿಮ್ಮಡಿಯನ್ನು ಸುತ್ತಿ ಹಿಡಿಯಿತು. ತಿಕ್ಕಿ ಕೆಂಪಾಗಿದ್ದ ಜಾಗ ಚುರ್ ಎಂದಿತು, ನಾನು ಕಾಲೆಳೆದೆ. ಅವರು ತಲೆಯೆತ್ತಿ ನನಗೊಬ್ಬನಿಗೇ ಕೇಳುವಂತೆ ಹೇಳಿದರು: “ಇಷ್ಟೆಲ್ಲಾ ತಿಕ್ಕಿಕೊಂಡು ಬಂದರೆ ನನಗೆ ಕೆಲಸ ಎಲ್ಲಿ ಉಳೀತು?”

ಅದು ಬರೀ ತಮಾಷೆ. ಹತ್ತನೆಯವರಿಗೂ ಏನೋ ಹೇಳಿ ನಗಿಸಿದರು. ಆದರೆ ನನಗೆ ಅಲ್ಲಿ ಕೂರಲಾಗಲಿಲ್ಲ. ಆ ಹಿಮ್ಮಡಿ, ಅದೇ ಬಲಗಾಲಿನ ಹಿಮ್ಮಡಿ. ನನಗೆ ನೋವಾದರೆ ಎಳೆದುಕೊಳ್ಳುತ್ತೇನೆ. ಯಜಮಾನರ ಕಾಲು ಎಳೆದುಕೊಳ್ಳದೆ ನನ್ನ ಮೊಳೆಯ ಮೇಲೆ ದಿನಗಟ್ಟಲೆ ನಡೆಯಿತು. ಕಟ್ಟಿಗೆ ತಂದಿತು, ಪೇಟೆಗೆ ಹೋಯಿತು, ನನ್ನ ಹತ್ತಿರ ಬಂತು. ನಾನು ಬಿದಿರಿನ ಕಡ್ಡಿಯಿಂದ ಒರೆಸಿ ಕಳಿಸಿದೆ. ಒಂದು ಸಲ ಈ ಮುದುಕರು ಹಿಡಿದ ಹಾಗೆ ಹಿಡಿದಿದ್ದರೆ ಸಾಕಿತ್ತು.

ಮರುದಿನ ಶುಭ ಶುಕ್ರವಾರ. ಹುಣಸೆ ಮರಕ್ಕೆ ಆ ದಿನ ರಜೆ. ಬೆಳಕು ಹರಿಯುವ ಮೊದಲೇ ಸೈಕಲ್ ತೆಗೆದುಕೊಂಡು ಬನವಾಸಿ ರಸ್ತೆ ಹಿಡಿದೆ.

ಯಜಮಾನರು ಅದೇ ಕಟ್ಟೆಯ ಮೇಲೆ ಇದ್ದರು. ಮುಖ ಇಳಿದಿತ್ತು, ಜ್ವರವಿದ್ದಂತೆ ಕಂಡಿತು. ಕೂತು ಹೇಳಲು ಧೈರ್ಯವಾಗದೆ ನಿಂತೇ ಹೇಳಿದೆ.

“ಮೊಳೆ ನಾನು ಹೊಡೆದದ್ದು. ಚಪ್ಪಲಿ ಮಾಡುವಾಗಲೇ. ಕಾರ್ಡಿನಲ್ಲಿ ಬರೆದದ್ದು ಸುಳ್ಳು. ನಾನು ನಿಮ್ಮ ಕಾಲು ಒಂದು ದಿನವೂ ಮುಟ್ಟಿ ನೋಡಲಿಲ್ಲ.”

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು.

“ಮುಟ್ಟಿಲ್ಲ ಅಂತ ನನಗ ಗೊತ್ತಿಲ್ಲೇನು?” ಎಂದರು. “ಕಾಲಿಗೆ ಖಬರಿಲ್ಲ, ಕಣ್ಣಿಗೂ ದೃಷ್ಟಿ ಇಲ್ಲ ಅಂತ ಮಾಡೀಯೇನು? ಬಿದರ ಕಡ್ಡೀಲೆ ಹೆಣ ಹೊರಳಸಿದಂಗ ಹೊರಳಸ್ತಿದ್ದಿ. ಹೋಗ್ಲಿ, ಸಣ್ಣಾಂವ, ಅಂಜತಾನ ಅಂತ ಸುಮ್ಮನಿದ್ದೆ. ಮೊಳಿ ಗೊತ್ತಿರಲಿಲ್ಲ.” ಧ್ವನಿ ಏರಿತು. “ಮೊಳಿ ನಿಂದಾ? ನಿಂದು ಆಗಿ, ನನ್ನ ಮಾರಿ ಮುಂದ ಕೂತು ಬಟ್ಟಿ ಸುತ್ತಿದೆಲ್ಲೋ! ಮಂದಿ ಮುಂದ ನನ್ನ ಸುಳ್ಳಗಾರ ಮಾಡಿ!”

ಹೆಂಡತಿ ಹೊರಗೆ ಬಂದರು. ಕೈಯಲ್ಲಿದ್ದ ಕಸಬರಿಗೆಯನ್ನು ನನ್ನ ಮುಖದ ಮುಂದೆ ಆಡಿಸಿದರು. “ಅವರ ದೇವರ ಹಬ್ಬ ಇವತ್ತ ಅಂತ. ಹಬ್ಬ ಮಾಡಾಕ ಬಂದಾನ ನೋಡ್ರಿ!”

ಯಜಮಾನರು ಕೈಯೆತ್ತಿ ಹೆಂಡತಿಯನ್ನು ತಡೆದರು.

“ನನ್ನ ಮುಂದ ಹೇಳಿದ್ರ ಏನ ಬಂತು? ನನಗ ಮೊದಲ ಗೊತ್ತಿತ್ತು ನಾ ಬಡಿಸಿಲ್ಲಂತ. ಸಿಸ್ಟರಮ್ಮನ ಮುಂದ ಹೇಳ್ತಿ?”

“ಹೇಳ್ತೇನೆ.”

“ಮರದ ಕೆಳಗ, ಆವತ್ತ ಕೂತಿದ್ದ ಮಂದಿ ಮುಂದ?”

“ಅಲ್ಲಿಯೂ.”

“ನಿನ್ನ ನೌಕರಿ ಹೊಕ್ಕೈತಿ.”

“ಹೋಗಲಿ.”

ಅವರು ಹೆಂಡತಿಗೆ, “ಗಾಡಿ ಕಟ್ಟಾಕ ಹೇಳ,” ಎಂದರು.

ಗಾಡಿಯಲ್ಲಿ ಹುಲ್ಲು ಹಾಸಿ ಅವರನ್ನು ಮಲಗಿಸಿದೆವು. ಅವರ ತಮ್ಮ ಗಾಡಿ ಹೊಡೆದ. ನಾನು ಸೈಕಲ್ ನೂಕಿಕೊಂಡು ಪಕ್ಕದಲ್ಲಿ ನಡೆದೆ. ಹತ್ತು ಹನ್ನೆರಡು ಮೈಲಿ ದಾರಿ. ಹುಣಸೆ ಮರ ದಾಟುವಾಗ ಯಜಮಾನರು ಒಮ್ಮೆ ತಲೆಯೆತ್ತಿ ಅದನ್ನು ನೋಡಿದರು.

ಶಿರಸಿ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ಸಿಸ್ಟರ್ ಮೂರು ಗಂಟೆಯ ಪ್ರಾರ್ಥನೆಗೆಂದು ಬಾಗಿಲು ಎಳೆದುಕೊಂಡು ಹೊರಟಿದ್ದರು. ಗಾಡಿ ನೋಡಿ ನಿಂತರು. ನಾನು ಅಂಗಳದಲ್ಲಿಯೇ ಎಲ್ಲ ಹೇಳಿದೆ: ಮೊಳೆ, ಟ್ಯೂಬಿನ ತುಂಡು, ಪೊದೆ, ಕಾರ್ಡು, ಬಿದಿರಿನ ಕಡ್ಡಿ. ಹೇಳುತ್ತ ಅವರ ಮುಖ ನೋಡಲಾಗದೆ ಗಾಡಿಯ ಚಕ್ರ ನೋಡುತ್ತಿದ್ದೆ.

ಸಿಸ್ಟರ್ ಗಾಡಿಯ ಹತ್ತಿರ ಹೋಗಿ ಯಜಮಾನರಿಗೆ ಎರಡೂ ಕೈ ಮುಗಿದರು. “ನೀವು ಹೇಳಿದ್ದು ನಿಜ. ನಾನು ನಿಮ್ಮ ಮಾತು ಬಿಟ್ಟು ಕಾಗದ ನಂಬಿದೆ. ತಪ್ಪು ನನ್ನದು.”

“ನಿಮ್ಮದಲ್ಲ ಬಿಡ್ರಿ ಯವ್ವಾ,” ಎಂದರು ಯಜಮಾನರು.

ಆಗ ಸಿಸ್ಟರ್ ನನ್ನ ಕಡೆ ತಿರುಗಿದರು. ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕಾದೆ. “ನೀರು ಕಾಯಿಸು,” ಎಂದರು.

ಕಾಯಿಸಿದೆ. ಮೊಣಕೈ ಅದ್ದಿ ನೋಡಿದೆ. ಯಜಮಾನರ ಮುಂದೆ ನೆಲದ ಮೇಲೆ ಮೊಣಕಾಲೂರಿ, ಚಿಂದಿ ಬಿಚ್ಚಿ, ಆ ಪಾದವನ್ನು ಎರಡೂ ಕೈಯಿಂದ ಎತ್ತಿ ನೀರಿನಲ್ಲಿ ಇಟ್ಟೆ. ಹೇಸಿಗೆಯೂ ಭಯವೂ ಹೋಗಿರಲಿಲ್ಲ. ಪವಿತ್ರವಾದದ್ದೇನೂ ಆಗಲಿಲ್ಲ ಎಂದು ಇಲ್ಲಿ ನಿಜ ಹೇಳಬೇಕು. ಆದರೆ ಅಂಗೈಗೆ ತಿಳಿಯಿತು. ಹಿಮ್ಮಡಿ ಒಲೆಯ ಕಲ್ಲಿನಂತೆ ಸುಡುತ್ತಿತ್ತು. ಪಾದದ ನಡುಭಾಗ ಅದಕ್ಕಿಂತ ಕಡಿಮೆ, ಬೆರಳುಗಳು ತಣ್ಣಗೆ. “ಎಲ್ಲಿಯವರೆಗೆ ಬಿಸಿ?” ಎಂದರು ಸಿಸ್ಟರ್. ತೋರಿಸಿದೆ. ಅವರು ತಮ್ಮ ಕೈಯಿಟ್ಟು ನೋಡಿ, “ಸರಿ,” ಎಂದರು. ಆ ದಿನ ಚರ್ಚಿನಲ್ಲಿ ಗಂಟೆ ಬಾರಿಸುವುದಿಲ್ಲ. ಅದರ ಬದಲು ಆಡಿಸುವ ಮರದ ಗಿಲಕಿಯ ಕಟಕಟ ಸದ್ದು ಕೇಳಿಸಿತು. ನಾವಿಬ್ಬರೂ ಪ್ರಾರ್ಥನೆಗೆ ಹೋಗಲಿಲ್ಲ.

ಗಾಯದಿಂದ ಎರಡು ಎಲುಬಿನ ಚೂರು ಬಂದವು. ಕೀವು ಇಳಿಯಲು ಎಂಟು ದಿನ ಕಾದು, ಸುಣ್ಣದ ಪಟ್ಟಿ ಕಟ್ಟಿದೆವು. ಮೊದಲಿನದು ಮೂರೇ ವಾರಕ್ಕೆ ಮೆತ್ತಗಾಗಿ ಬಿಚ್ಚಬೇಕಾಯಿತು. ಎರಡನೆಯದು ಆರು ವಾರ ನಿಂತಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಗಾಯ ಮುಚ್ಚಿತು. ಹಿಮ್ಮಡಿಯ ಒಂದು ಪಾಲು ಕರಗಿ ಕಾಲು ಕುಂಟಾಯಿತು, ಆದರೆ ಉಳಿಯಿತು.

ಈಸ್ಟರ್ ಕಳೆದ ಶುಕ್ರವಾರ ಹುಣಸೆ ಮರದ ಕೆಳಗೆ ಎಲ್ಲರ ಮುಂದೆ ಹೇಳಿದೆ. ಒಬ್ಬ ಮುದುಕಿ ಕೂಡಲೇ ತನ್ನ ಚಪ್ಪಲಿ ಬಿಚ್ಚಿ ನನ್ನ ಮುಂದೆ ಎಸೆದು, “ಹಂಗಾರ ಇದನ್ನೂ ಬಿಚ್ಚಿ ತೋರಸು!” ಎಂದಳು. ಬಿಚ್ಚಿ ತೋರಿಸಿದೆ. ಸಿಸ್ಟರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ವರ್ಷ ಕಾರ್ಡಿನ ಮೇಲೆ ನನ್ನ ಅಕ್ಷರ ಬೇಡ ಎಂದರು. ಹುಣಸೆ ಮರಕ್ಕೆ ಪ್ರತಿ ವಾರ ತಾವೇ ಬಂದರು. ನಾನು ತೊಳೆದು, ಒತ್ತಿ ನೋಡಿ, ಬಾಯಲ್ಲಿ ಹೇಳುತ್ತಿದ್ದೆ. ಅವರು ಮತ್ತೊಮ್ಮೆ ಮುಟ್ಟಿ ನೋಡಿ ಬರೆಯುತ್ತಿದ್ದರು.

ಯಜಮಾನರಿಗೆ ಹೊಸ ಚಪ್ಪಲಿ ಹೊಲಿದುಕೊಟ್ಟೆ. ಅವರು ಅದನ್ನು ಹಾಕಿಕೊಳ್ಳಲಿಲ್ಲ. ಕವುಚಿ ಹಿಡಿದು, ಹೊಲಿಗೆಯ ಮೇಲೆ ಬೆರಳಿಟ್ಟು, ಭತ್ತ ಅಳೆಯುವ ಧಾಟಿಯಲ್ಲಿ ಜೋರಾಗಿ ಎಣಿಸಿದರು. ಕೊಳಗದ ಲೆಕ್ಕದಲ್ಲಿ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. “ಲಾಭ… ಎರಡು… ಮೂರು…” ಒಂದೊಂದು ತುದಿಗೂ ಹನ್ನೊಂದರವರೆಗೆ. ಆಮೇಲೆ ಒಳಗೆ ಅಂಗೈ ಆಡಿಸಿ, ನನ್ನ ಮುಖ ನೋಡಿ, ಹಾಕಿಕೊಂಡರು. ಮುಂದಿನ ವಾರವೂ ಎಣಿಸಿದರು. ಪ್ರತಿ ಶುಕ್ರವಾರ, ಸರದಿಯವರೆಲ್ಲ ನೋಡುತ್ತಿರುವಾಗ, ಬಿಡದೆ ಎಣಿಸಿದರು. ನನ್ನನ್ನು ಸಾಹೇಬ್ರ ಎಂದೇ ಕರೆದರು. ಕ್ಷಮಿಸಿದ್ದೇನೆ ಎಂದು ಅವರು ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಹಕ್ಕಿದೆ ಎಂದು ಅನಿಸಲಿಲ್ಲ.

ಎರಡು ವರ್ಷ ಹಾಗೆ ನಡೆಯಿತು. ಒಂದು ಶುಕ್ರವಾರ ಅವರ ಮೂರನೆಯ ಜೋಡಿ ತಂದುಕೊಟ್ಟಿದ್ದೆ. ಕಾಲು ತೊಳೆದು, ಒರೆಸಿ, ಹಿಮ್ಮಡಿಯಿಂದ ಬೆರಳಿನವರೆಗೆ ಒತ್ತಿ ನೋಡಿ, “ಬಿಸಿ ಇಲ್ಲ,” ಎಂದೆ. ಅವರು ಹೊಸ ಚಪ್ಪಲಿಯಲ್ಲಿ ಕಾಲು ತೂರಿಸಿ ಎದ್ದು ನಿಂತರು.

“ಎಣಿಸಲಿಲ್ಲವಲ್ಲ ಯಜಮಾನ್ರೆ,” ಎಂದೆ.

“ಎಣಸೂದೇನೈತಿ?” ಎಂದರು, ಕೋಲು ತೆಗೆದುಕೊಳ್ಳುತ್ತ. “ನೀ ಎಣಿಸೇ ತಂದಿರ್ತಿ, ತಮ್ಮಾ.”

ಎಣಿಸಿಯೇ ತಂದಿದ್ದೆ.